ಹದಿನೈದು ಬಣ್ಣಗಳ ಲೆಕ್ಕಾಚಾರ



ನಿಮ್ಮ ಜೇಬಿನಲ್ಲಿರುವ ಫೋನಿಗೆ ಕೋಟಿಗೂ ಮೀರಿದ ಬಣ್ಣಗಳು ಗೊತ್ತು. 1980ರ ದಶಕದ ಹಲವು ಮನೆಬಳಕೆಯ ಕಂಪ್ಯೂಟರುಗಳಿಗೆ ಗೊತ್ತಿದ್ದದ್ದು ಹದಿನೈದೋ ಹದಿನಾರೋ. ಆ ಬಣ್ಣಗಳ ಹಣೆಬರಹ ಬರೆದದ್ದು ಮೆಮರಿ ಚಿಪ್‌ಗಳ ಬೆಲೆ. ಎರಡು ಯಂತ್ರಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸುತ್ತೇನೆ.

ಮೊದಲನೆಯದು 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್. ಅಗ್ಗದ ಮಾದರಿಯ ಬೆಲೆ 125 ಪೌಂಡ್, ಮೆಮರಿ ಬರೀ 16 ಕಿಲೋಬೈಟ್. ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳು. ಎಂಟು ಬಣ್ಣಗಳಿಗೆ ಎರಡೆರಡು ಹೊಳಪು; ಕಪ್ಪಿಗೆ ಎಷ್ಟು ಹೊಳಪು ಕೊಟ್ಟರೂ ಅದು ಕಪ್ಪೇ, ಹಾಗಾಗಿ ಒಟ್ಟು ಹದಿನೈದು. ಪ್ರತಿ ಚುಕ್ಕೆಗೂ ಬೇಕಾದ ಬಣ್ಣ ಕೊಡುತ್ತೇವೆಂದರೆ 24,576 ಬೈಟ್ ಬೇಕಿತ್ತು. ಯಂತ್ರದ ಇಡೀ ಮೆಮರಿಯೇ ಅಷ್ಟಿರಲಿಲ್ಲ!

ಹಾಸಿಗೆ ಇದ್ದಷ್ಟು ಕಾಲು ಚಾಚಿದರು. ಪರದೆಯನ್ನು ಎಂಟಕ್ಕೆಂಟು ಚುಕ್ಕೆಗಳ 768 ಚೌಕಗಳಾಗಿ ಸೀಳಿ, ಒಂದೊಂದು ಚೌಕಕ್ಕೆ ಒಂದೊಂದೇ ಬೈಟ್ ಬಣ್ಣ ಮಂಜೂರು ಮಾಡಿದರು. ಅದರ ಎಂಟು ಬಿಟ್‌ಗಳಲ್ಲಿ ಮೂರು ಗೆರೆಯ ಬಣ್ಣಕ್ಕೆ, ಮೂರು ಹಿನ್ನೆಲೆಗೆ, ಒಂದು ಹೊಳಪಿಗೆ, ಉಳಿದೊಂದು ಮಿನುಗುವಿಕೆಗೆ. ಚುಕ್ಕೆಗಳೂ ಬಣ್ಣಗಳೂ ಸೇರಿ 6,912 ಬೈಟಿನಲ್ಲಿ ಕೆಲಸ ಮುಗಿಯಿತು.

ಬೆಲೆ ತೆತ್ತವರು ಚಿತ್ರ ಬರೆದವರು. ಒಂದು ಚೌಕದೊಳಗೆ ಮೂರನೆಯ ಬಣ್ಣಕ್ಕೆ ಜಾಗವೇ ಇಲ್ಲ. ಕೆಂಪು ಅಂಗಿಯ ವೀರ ಹಸಿರು ಮರದ ಮುಂದೆ ಓಡಿದನೋ, ಮರದ ಎಲೆಗಳೂ ಚೌಕ ಚೌಕವಾಗಿ ಕೆಂಪಾಗುತ್ತಿದ್ದವು. 1984ರ 'ನೈಟ್ ಲೋರ್' ಆಟದವರು ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ: ಒಂದು ಕೋಣೆಗೆ ಕಪ್ಪಿನ ಮೇಲೆ ಒಂದೇ ಬಣ್ಣ, ಅಷ್ಟೇ. ಜಗಳವಾಡಲು ಎರಡನೆಯ ಬಣ್ಣವೇ ಇಲ್ಲ. ಉಳಿಸಿದ ಶ್ರಮವನ್ನೆಲ್ಲ ಕೋಣೆಗೆ ಆಳ ತೋರಿಸಲು ಬಳಸಿದರು.

ಇನ್ನೊಂದು 1981ರ ಐಬಿಎಂ ಪಿಸಿ. ಅದರ ಸಿಜಿಎ ಗ್ರಾಫಿಕ್ಸ್ ಕಾರ್ಡಿನಲ್ಲಿದ್ದದ್ದೂ 16 ಕಿಲೋಬೈಟೇ. 320 ಅಡ್ಡ, 200 ಉದ್ದದ ಪರದೆಯಲ್ಲಿ ಚುಕ್ಕೆಗೆ ಎರಡು ಬಿಟ್, ಅಂದರೆ ಒಮ್ಮೆಗೆ ನಾಲ್ಕೇ ಬಣ್ಣ. ಹಿನ್ನೆಲೆಯನ್ನು ಹದಿನಾರರಲ್ಲಿ ಆರಿಸಿಕೊಳ್ಳಬಹುದು. ಮಿಕ್ಕ ಮೂರು ಬಣ್ಣಗಳು ಸಿದ್ಧ ಗುಂಪುಗಳಲ್ಲಿ ಬರುತ್ತಿದ್ದವು. ಒಂದರಲ್ಲಿ ಹಸಿರು, ಕೆಂಪು, ಕಂದು. ಇನ್ನೊಂದರಲ್ಲಿ ಸಯಾನ್, ಮೆಜೆಂಟಾ, ಬಿಳಿ. ಆ ಕಾಲದ ಆಟಗಳಲ್ಲಿ ಆಕಾಶ, ಮುಖ, ಗೋಡೆ ಎಲ್ಲವೂ ಕಣ್ಣಿಗೆ ಚುಚ್ಚುವ ಸಯಾನ್-ಮೆಜೆಂಟಾ ಆಗಿದ್ದು ಈ ಎರಡನೆಯ ಗುಂಪಿನಿಂದ. ಇಂಥ ಜೋಡಿಯನ್ನು ಯಾರು ಆರಿಸಿದರು ಎಂದು ಕೇಳುವ ಮೊದಲು ಬಿಟ್‌ಗಳನ್ನು ನೋಡಬೇಕು. ಚುಕ್ಕೆಯ ಎರಡು ಬಿಟ್‌ಗಳು ಕೆಂಪನ್ನೂ ಹಸಿರನ್ನೂ ಹೊತ್ತಿಸುತ್ತವೆ; ಗುಂಪು ಬದಲಿಸುವ ಬಿಟ್ ನೀಲಿಯನ್ನು ಸೇರಿಸುತ್ತದೆ. ಹಸಿರಿಗೆ ನೀಲಿ ಬೆರೆತರೆ ಸಯಾನ್, ಕೆಂಪಿಗೆ ಬೆರೆತರೆ ಮೆಜೆಂಟಾ, ಮೂರೂ ಕೂಡಿದರೆ ಬಿಳಿ. ವೈರಿಂಗ್ ಸರಳವಾಗಿತ್ತು, ಚಿತ್ರ ಕುರೂಪವಾಯಿತು.

ಕಂದು ಬಣ್ಣದ ಕಥೆ ಮಾತ್ರ ಬೇರೆ. ಕೆಂಪು, ಹಸಿರು ಸಮನಾಗಿ ಕೂಡಿದರೆ ಬರುವುದು ಮಾಸಲು ಹಳದಿ. ಐಬಿಎಂ ತನ್ನ ಬಣ್ಣದ ಮಾನಿಟರಿನೊಳಗೆ ಈ ಒಂದು ಬಣ್ಣಕ್ಕಾಗಿಯೇ ಪ್ರತ್ಯೇಕ ಸರ್ಕ್ಯೂಟ್ ಇಟ್ಟು, ಹಸಿರನ್ನು ಅರ್ಧಕ್ಕೆ ಇಳಿಸಿ ಕಂದು ಬರಿಸಿತು. ಆ ಸರ್ಕ್ಯೂಟ್ ಇಲ್ಲದ ಮಾನಿಟರುಗಳಲ್ಲಿ ಮರದ ಕಾಂಡ ಹಳದಿಯಾಗಿಯೇ ಉಳಿಯಿತು. ಇಡೀ ಸಿಜಿಎಯಲ್ಲಿ ಕಣ್ಣಿನ ಮೇಲೆ ಕರುಣೆ ತೋರಿದ ಜಾಗ ಇದೊಂದೇ ಎಂದು ನನ್ನ ಅಭಿಪ್ರಾಯ.

ಮುಂದೆ 1987ರಲ್ಲಿ ಬಂದ ವಿಜಿಎ ಗ್ರಾಫಿಕ್ಸ್ 2,62,144 ಬಣ್ಣಗಳಲ್ಲಿ 256 ಆರಿಸಿಕೊಳ್ಳಲು ಬಿಟ್ಟಿತು. ಅಲ್ಲಿಗೆ ಈ ಬಡತನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು.

ಮನೆಯಲ್ಲಿ ಚಿತ್ರ ಬಿಡಿಸುವ ಮಕ್ಕಳಿದ್ದರೆ ಅವರಿಗೊಂದು ಗ್ರಾಫ್ ಹಾಳೆ ಕೊಡಿ. ಎಂಟಕ್ಕೆಂಟರ ಚೌಕ, ಚೌಕಕ್ಕೆ ಎರಡೇ ಬಣ್ಣ ಎಂಬ ನಿಯಮ ಹಾಕಿ, ನವಿಲು ಬಿಡಿಸಲು ಹೇಳಿ.