ಸಾಧಕರ ಸನ್ಮಾನದಲ್ಲಿ ರೈತನ ಪಾಲು

(ಅಳ್ನಾವರ ಭಾಗದ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ಸಿದ್ಧಪಡಿಸಿದ ಭಾಷಣದ ಪೂರ್ಣಪಾಠ)



ಕೃಷಿ ವಿಶ್ವವಿದ್ಯಾಲಯದಿಂದ ಹಳ್ಳಿಗೆ ಬರುವ ಸುದ್ದಿಗಳಲ್ಲಿ ಒಂದು ಬಗೆಯದು ಪದೇ ಪದೇ ಕಾಣುತ್ತದೆ. ಒಬ್ಬ ವಿಜ್ಞಾನಿಗೆ ಪ್ರಶಸ್ತಿ ಬಂತು, ಒಂದು ಸಂಶೋಧನಾ ಕೇಂದ್ರಕ್ಕೆ ಮನ್ನಣೆ ದೊರೆಯಿತು, ಇನ್ನೊಬ್ಬರು ದೀರ್ಘ ಸೇವೆಯ ನಂತರ ನಿವೃತ್ತರಾದರು ಎಂಬ ಸುದ್ದಿ ಅದು. ಇದನ್ನು ಓದಿದ ರೈತ, "ಅವರಿಗೆ ಶಾಲು ಹೊದಿಸಿದರೆ ನನ್ನ ಹೊಲಕ್ಕೇನು ಬಂತು?" ಎಂದು ಕೇಳಿದರೆ ಅದರಲ್ಲಿ ತಪ್ಪಿಲ್ಲ. ಉತ್ತರ ಈ ಜಿಲ್ಲೆಯ ಹೊಲಗಳಲ್ಲಿಯೇ ಇದೆ.

ಹತ್ತಿಯಲ್ಲಿ ಧಾರವಾಡದ ಹೆಸರು

ಧಾರವಾಡದಲ್ಲಿ ಕೃಷಿ ಕಾಲೇಜು ಆರಂಭವಾದದ್ದು 1947ರಲ್ಲಿ. 1986ರ ಅಕ್ಟೋಬರ್ 1ರಂದು ಇಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದಕ್ಕೆ ಮುಂಚೆ ಇಲ್ಲಿಯ ಕೆಲಸ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುತ್ತಿತ್ತು. ಆ ಅವಧಿಯಲ್ಲಿಯೇ ಡಾ. ಬಿ. ಎಚ್. ಕಟರಕಿ ಅವರು ಹತ್ತಿಯ ಸಂಕರಣದಲ್ಲಿ ದೊಡ್ಡ ಸಾಧನೆ ಮಾಡಿದರು.

1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಡಾ. ಸಿ. ಟಿ. ಪಟೇಲ್ ಅವರು ಎಚ್-4 ಸಂಕರಣ ಹತ್ತಿಯನ್ನು ಹೊರತಂದಿದ್ದರು. ಅದರ ತಾಯಿ, ತಂದೆ ಎರಡೂ ಒಂದೇ ಜಾತಿಯ ಹತ್ತಿ. ಕಟರಕಿ ಅವರು ಎರಡು ಬೇರೆ ಜಾತಿಗಳನ್ನು ಕೂಡಿಸಿದರು. ಈ ಭಾಗದ ರೈತರಿಗೆ ಪರಿಚಿತವಾಗಿದ್ದ ಲಕ್ಷ್ಮಿ ತಳಿಯನ್ನು ತಾಯಿಯಾಗಿಟ್ಟು, ಉದ್ದ ಎಳೆಯ ಬಾರ್ಬಡೆನ್ಸ್ ಹತ್ತಿಯೊಡನೆ ಸಂಕರಿಸಿ 1972ರಲ್ಲಿ 'ವರಲಕ್ಷ್ಮಿ'ಯನ್ನು ಕೊಟ್ಟರು. 1981ರಲ್ಲಿ 'ಜಯಲಕ್ಷ್ಮಿ', ಅಂದರೆ ಡಿ.ಸಿ.ಎಚ್.-32 ಬಂತು. ಬಹಳ ಉದ್ದ ಎಳೆಯ ಈ ಅರಳೆಯಿಂದ ನಯವಾದ ನೂಲು ತೆಗೆಯಬಹುದಾಗಿತ್ತು. ಇಂಥ ಅರಳೆಗಾಗಿ ಹೊರದೇಶಗಳ ಕಡೆಗೆ ನೋಡುತ್ತಿದ್ದ ಗಿರಣಿಗಳಿಗೆ ಅದು ದೇಶದಲ್ಲಿಯೇ ಸಿಕ್ಕಿತು. ರೈತರು ಇಂದಿಗೂ 'ಡಿ.ಸಿ.ಎಚ್.' ಎಂದೇ ಅದನ್ನು ಗುರುತಿಸುತ್ತಾರೆ.

ಹಾಗೆಂದು ಎಲ್ಲವೂ ಲಾಭವೇ ಆಗಲಿಲ್ಲ. ಈ ಹತ್ತಿಗೆ ಕೀಟದ ಕಾಟ ಹೆಚ್ಚು; ಗೊಬ್ಬರ, ಔಷಧ, ನೀರು ಎಲ್ಲವೂ ಬೇಕು. ಮಳೆ ಕೈಕೊಟ್ಟ ವರ್ಷ ಸಾಲ ಮಾಡಿ ಬಿತ್ತಿದವನಿಗೆ ಏಟು ಬಿತ್ತು. ಸಾಧನೆಯನ್ನು ಹೇಳುವಾಗ ಇದನ್ನೂ ಹೇಳಬೇಕು.

ಹೆಸರಿಲ್ಲದ ಕೈಗಳು

ಸಂಕರಣ ಬೀಜ ತಯಾರಾಗುವ ರೀತಿಯನ್ನು ಗಮನಿಸಿರಿ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನ ಮಧ್ಯಾಹ್ನವೇ ಗುರುತಿಸಿ, ಉಗುರಿನಿಂದ ಅದರ ಗಂಡುಭಾಗವನ್ನು ಬಿಡಿಸಬೇಕು. ಒಳಗಿನ ಹೆಣ್ಣುಭಾಗಕ್ಕೆ ಪೆಟ್ಟಾಗಬಾರದು. ಬೇರೆ ಪರಾಗ ತಾಗದಂತೆ ಮುಚ್ಚಿಡಬೇಕು. ಮರುದಿನ ಬೆಳಿಗ್ಗೆ ತಂದೆ ತಳಿಯ ಹೂ ತಂದು ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಇಷ್ಟಾದ ಮೇಲೆ ದೊರೆಯುವುದು ಒಂದೇ ಒಂದು ಕಾಯಿ!

ರಾಣೇಬೆನ್ನೂರಿನಂಥ ಬೀಜೋತ್ಪಾದನಾ ಪ್ರದೇಶಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡಿದವರು ಹೆಣ್ಣುಮಕ್ಕಳು. ರಾಜ್ಯದ ಬೀಜೋತ್ಪಾದನಾ ಹೊಲಗಳಲ್ಲಿ ಶಾಲೆಯಲ್ಲಿರಬೇಕಾಗಿದ್ದ ಬಾಲಕಿಯರೂ ದುಡಿದದ್ದುಂಟು. ಆ ತಪ್ಪು ಮುಂದೆಂದೂ ಮರುಕಳಿಸಬಾರದು. ಪ್ರಶಸ್ತಿ ಪತ್ರದಲ್ಲಿ ಒಬ್ಬರ ಹೆಸರಿದ್ದರೂ ಅದರ ಹಿಂದೆ ಕ್ಷೇತ್ರ ಸಹಾಯಕರು, ಕೂಲಿಯವರು, ಪ್ರಯೋಗಕ್ಕೆ ಹೊಲ ಕೊಟ್ಟ ರೈತರು ಇರುತ್ತಾರೆ. ವಿಶ್ವವಿದ್ಯಾಲಯದ ಸಮಾರಂಭಗಳಲ್ಲಿ ಇವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸುವುದು ನ್ಯಾಯ.

ಅಳ್ನಾವರದ ಮಗ್ಗುಲಲ್ಲಿಯೇ ಮುಗದ

ಎರೆ ಭೂಮಿಯ ಹತ್ತಿಯ ಮಾತು ಮಲೆನಾಡಿನ ಸೆರಗಿನ ಅಳ್ನಾವರಕ್ಕೆ ದೂರವೆನಿಸಬಹುದು. ಹಾಗಾದರೆ ಅಳ್ನಾವರದಿಂದ ಧಾರವಾಡಕ್ಕೆ ರೈಲಿನಲ್ಲಿ ಹೊರಡಿರಿ. ಕಂಬಾರಗಣವಿ ದಾಟಿದರೆ ಮುಗದ ಬರುತ್ತದೆ. ಅಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ.

ಅಳ್ನಾವರ, ಕಲಘಟಗಿ, ಹಳಿಯಾಳ, ಖಾನಾಪುರ ಭಾಗದ ಕೂರಿಗೆ ಭತ್ತದ ಪಾಡು ಬೇರೆ. ಮೊದಲ ಮಳೆಗೆ ಒಣ ಭೂಮಿಯಲ್ಲಿ ಬಿತ್ತುತ್ತಾರೆ. ಸಸಿಗಳು ಮೊದಲು ನೀರಿನ ಕೊರತೆ ತಾಳಬೇಕು; ಮಳೆ ಹಿಡಿದ ಮೇಲೆ ನಿಂತ ನೀರನ್ನು ತಾಳಬೇಕು. ನಡುವೆ ಕಳೆಯ ಹಾವಳಿ, ಬೆಂಕಿ ರೋಗದ ಭಯ. ನಾಟಿ ಮಾಡುವ ನೀರಾವರಿ ಗದ್ದೆಯಲ್ಲಿ ಗೆದ್ದ ತಳಿ ಇಲ್ಲಿ ಗೆಲ್ಲುತ್ತದೆಂಬ ಭರವಸೆಯಿಲ್ಲ. ಆದುದರಿಂದ ಮುಗದದಂಥ ಸಣ್ಣ ಕೇಂದ್ರದ ಕೆಲಸಕ್ಕೆ ಬೆಲೆಯಿದೆ. 'ಮುಗದ ಸುಗಂಧ'ದಂಥ ತಳಿಗಳು ಊರಿನ ಹೆಸರನ್ನೇ ಹೊತ್ತು ಬಂದಿವೆ.

ಸೋಯಾ ಅವರೆಯ ತುಕ್ಕು ರೋಗ

ಇನ್ನೊಂದು ನಿದರ್ಶನ ಸೋಯಾ ಅವರೆಯದು. 1994ರಿಂದೀಚೆಗೆ ಬೆಳಗಾವಿ, ಧಾರವಾಡ ಭಾಗಗಳಲ್ಲಿ ತುಕ್ಕು ರೋಗ ಉಗ್ರವಾಗಿ ಹಬ್ಬಿತು. ಎಲ್ಲೆಡೆ ಬಿತ್ತುತ್ತಿದ್ದ ಜೆ.ಎಸ್.-335 ತಳಿಗೆ ರೋಗವನ್ನು ತಡೆಯುವ ಶಕ್ತಿಯಿರಲಿಲ್ಲ. ಧಾರವಾಡದ ವಿಜ್ಞಾನಿಗಳು ಅದೇ ತಳಿಯನ್ನು ರೋಗ ನಿರೋಧಕ ಮೂಲದೊಡನೆ ಸಂಕರಿಸಿದರು. ರೋಗ ಹೆಚ್ಚಾಗಿ ಬರುವ ಉಗಾರ ಖುರ್ದದಂಥ ಸ್ಥಳಗಳಲ್ಲಿ ಸಾಲು ಸಾಲಾಗಿ ಬೆಳೆದು ಪರೀಕ್ಷಿಸಿದರು. 2010ರ ದಶಕದಲ್ಲಿ ಡಿ.ಎಸ್.ಬಿ.-21 ರೈತರ ಕೈಸೇರಿತು. ರೋಗ ಕಾಣಿಸಿಕೊಂಡು ತಳಿ ಬರುವವರೆಗೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಒಂದು ದಿನದ ಸನ್ಮಾನದ ಹಿಂದೆ ಇಷ್ಟು ಮುಂಗಾರುಗಳು ಕಳೆದಿರುತ್ತವೆ.

ರೈತರು ಮಾಡಬೇಕಾದದ್ದು

ಸಾಧನೆಯ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿರಿ. ಈ ತಳಿಯನ್ನು ಎಂಥ ಮಣ್ಣಿನಲ್ಲಿ ಪರೀಕ್ಷಿಸಿದ್ದಾರೆ? ಎಷ್ಟು ಮಳೆಗೆ? ಯಾವ ರೋಗವನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ? ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕೋ, ಮನೆಯಲ್ಲಿಯೇ ಇಟ್ಟುಕೊಳ್ಳಬಹುದೋ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಸಂಕರಣ ಹತ್ತಿಯ ಬೆಳೆಯಿಂದ ತೆಗೆದ ಕಾಳನ್ನು ಮತ್ತೆ ಬಿತ್ತಬಾರದು; ಗಿಡಗಳು ಒಂದೇ ತೆರನಾಗಿರದೆ ಇಳುವರಿ ಬೀಳುತ್ತದೆ. ಭತ್ತ, ಸೋಯಾ, ಶೇಂಗಾದ ಶುದ್ಧ ತಳಿಗಳಾದರೆ ಬೇರೆ ಜಾತಿಯ ಗಿಡಗಳನ್ನು ಕಿತ್ತು ಹಾಕಿ ಮನೆಬೀಜ ಕಾಯ್ದಿಡಬಹುದು. ಸೋಯಾ ಬೀಜದ ಮೊಳಕೆ ಶಕ್ತಿ ಬೇಗ ಕುಂದುತ್ತದೆ. ಬಿತ್ತುವ ಮುಂಚೆ ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡಿರಿ. ಕನಿಷ್ಠ 70 ಕಾಳಾದರೂ ಮೊಳೆಯಬೇಕು.

ಇಷ್ಟರಿಂದಲೇ ಕೆಲಸ ಮುಗಿಯದು. ಹೊಸ ತಳಿಯನ್ನು ಮೊದಲ ವರ್ಷ ಒಂದು ಮೂಲೆಯಲ್ಲಿ, ಹಳೆಯದರ ಪಕ್ಕದಲ್ಲಿ ಬಿತ್ತಿ, ಬಿತ್ತಿದ ದಿನ, ಮಳೆ, ರೋಗ, ಇಳುವರಿ ಎಲ್ಲವನ್ನೂ ಬರೆದಿಡಿರಿ. ಚೆನ್ನಾಗಿ ಬಂದರೂ, ಸೋತರೂ ಆ ಲೆಕ್ಕವನ್ನು ಧಾರವಾಡದ ಕೃಷಿಮೇಳಕ್ಕೆ ಹೋದಾಗ ವಿಜ್ಞಾನಿಗಳ ಮುಂದಿಡಿರಿ. ವಿಸ್ತರಣಾ ಕಾರ್ಯಕರ್ತರು ಸೋತ ಹೊಲವನ್ನೂ ವರದಿಯಲ್ಲಿ ಸೇರಿಸಬೇಕು. ಗೆದ್ದ ಹೊಲಗಳ ಲೆಕ್ಕವಷ್ಟೇ ಹೋದರೆ ಮುಂದಿನ ತಳಿಯ ತಿದ್ದುಪಡಿ ಹೇಗಾದೀತು?

ವಿಜ್ಞಾನಿಗೆ ಸಭೆಯಲ್ಲಿ ಹೊದಿಸುವ ಶಾಲು ಸಂತೋಷದ ಸಂಗತಿಯೇ. ಆದರೆ ಅವರ ಬೀಜ ರೈತನ ಕೂರಿಗೆಯಿಂದ ಬಿದ್ದು, ಮಳೆ-ರೋಗಗಳನ್ನು ತಾಳಿ, ಕಣದಲ್ಲಿ ರಾಶಿಯಾಗಿ, ಮುಂದಿನ ವರ್ಷವೂ ರೈತ ಅದನ್ನೇ ಬೇಡಿದಾಗ ಆಗುವ ಸನ್ಮಾನ ಅದಕ್ಕಿಂತ ದೊಡ್ಡದು. ಆ ಸನ್ಮಾನ ಮಾಡುವ ಅಧಿಕಾರ ಬಿತ್ತಿ ಬೆಳೆಯುವವರ ಕೈಯಲ್ಲಿದೆ.