ಅರ್ಧ ನೇಯ್ದ ಹಾಸನ್ನು ಬೇರೆ ಮಗ್ಗಕ್ಕೆ ಏರಿಸುವುದೆ?

(ಸ್ಮರಣ ಸಂಚಿಕೆಯ ಸಲುವಾಗಿ ಕರೆದಿದ್ದ ಸಭೆಯಲ್ಲಿ ಸಂಘದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇಂದು ಸಭೆಯ ಮುಂದಿರುವ ಪ್ರಶ್ನೆ ಪಗಾರದ್ದಲ್ಲ, ಬೋನಸ್ಸಿನದ್ದೂ ಅಲ್ಲ. ನಮ್ಮ ಸಂಚಿಕೆಯ 120 ಪುಟಗಳಲ್ಲಿ 84 ಪುಟಗಳು ಹಳೆಯ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಸಿದ್ಧವಾಗಿವೆ. ಉಳಿದದ್ದು 36. ಇಷ್ಟರಲ್ಲಿ ತರುಣರು ಹೇಳುತ್ತಾರೆ, ಎಲ್ಲವನ್ನೂ ಈಗಲೇ ಹೊಸ ಇನ್‌ಡಿಸೈನಿಗೆ, ಯೂನಿಕೋಡಿಗೆ ದಾಟಿಸಿಬಿಡೋಣ ಎಂದು. ಹಿರಿಯರು ಹೇಳುತ್ತಾರೆ, ನಡೆಯುವುದನ್ನು ಮುಟ್ಟಬೇಡಿ, ಇಂದೂ ಬೇಡ, ಮುಂದೂ ಬೇಡ ಎಂದು. ಏಳನೆಯ ತರಗತಿ ಮುಗಿಸಿ ಬಂದು ಹೋಟೆಲಿನಲ್ಲಿ ಲೋಟ ತೊಳೆದವರಿಗೆ ಇದರಲ್ಲೇನು ಗೊತ್ತು ಎಂದು ಕೇಳುವವರೂ ಇದ್ದಾರೆ. ಕೇಳಲಿ. ನಾಲ್ಕು ರಾತ್ರಿ ಆ ಯಂತ್ರದ ಮುಂದೆ ಕುಳಿತು ಕಂಡದ್ದನ್ನು ಹೇಳುತ್ತೇವೆ.

ತರುಣರ ಮಾತಿನಲ್ಲಿ ಹುರುಳುಂಟು. ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿ, ಏಳನೆಯದು, ಬಂದದ್ದು 2001ರಲ್ಲಿ. ಆಮೇಲೆ ಕಂಪನಿಯ ಲಕ್ಷ್ಯವೆಲ್ಲ ಇನ್‌ಡಿಸೈನಿನ ಕಡೆಗೆ ಹೋಯಿತು. ನಮ್ಮ ಯಂತ್ರದಲ್ಲಿರುವ ವಿಂಡೋಸ್ ಎಕ್ಸ್‌ಪಿಯ ಆರೈಕೆಯನ್ನು ಮೈಕ್ರೋಸಾಫ್ಟ್ 2014ರಲ್ಲೇ ನಿಲ್ಲಿಸಿತು. ಇನ್ನು ಅಕ್ಷರದ ಸಂಗತಿ. ಹಳೆಯ ನುಡಿಯ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ವೇಷ ಕಟ್ಟಿ ಕುಳಿತಂಥವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚುತ್ತದೆ, ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಹಾಗಿಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. ನಮ್ಮ ಲೇಖನವನ್ನು ಮಾಣಿಯೊಬ್ಬ ಕೆಲಸದ ನಡುವೆ ಮೊಬೈಲಿನಲ್ಲಿ ಓದಬೇಕಾದರೆ, ಒಂದು ಹೆಸರು ಹುಡುಕಿದರೆ ಸಿಗಬೇಕಾದರೆ, ಯೂನಿಕೋಡೇ ಬೇಕು.

ಹಾಗಾದರೆ ನಾಳೆಯೇ ದಾಟಿಸೋಣವೆ? ಸ್ವಲ್ಪ ತಾಳಿರಿ.

ಕ್ಷೇಮನಿಧಿಯ ಪಟ್ಟಿ ಇರುವ ಒಂದು ಪುಟದ ನಕಲು ಮಾಡಿ, ಅಕ್ಷರ ಬದಲಿಸುವ ಸಾಧನಕ್ಕೆ ಕೊಟ್ಟು ನೋಡಿದೆವು. ಕ್ಷಣದಲ್ಲಿ ಬದಲಾಯಿತು, ನೋಡಲು ಚೆನ್ನಾಗಿಯೂ ಇತ್ತು. ಓದಲು ಕುಳಿತಾಗ ಅಸಲು ಬಣ್ಣ ಬಯಲಾಯಿತು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಆ ರಕಾರ ಮೊದಲು ಬರಬೇಕು. ಸಾಧನ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಕೆಲವು ಕಡೆ ಇಟ್ಟಿತು, ಕೆಲವು ಕಡೆ ಮರೆಯಿತು. ಧರ್ಮಪ್ಪನೆಂಬ ಹೆಸರಿನಲ್ಲಿ ರಕಾರ ಒಂದು ಕಡೆ, ಮಕಾರ ಒಂದು ಕಡೆ! ಪಿ.ಎಫ್. ನಂಬರಿನ ಮುಂದಿದ್ದ ಇಂಗ್ಲಿಷ್ ಅಕ್ಷರಗಳನ್ನೂ ಅದು ಕನ್ನಡವೆಂದೇ ತಿಳಿದು ಬದಲಿಸಿಬಿಟ್ಟಿತು. ಕಥೆಯಲ್ಲಿ ಒಂದಕ್ಷರ ತಪ್ಪಿದರೆ ಓದುವವರು ನಕ್ಕು ಮುಂದೆ ಹೋಗುತ್ತಾರೆ. ಕ್ಷೇಮನಿಧಿಗೆ ತಿಂಗಳು ತಿಂಗಳು ಕಟ್ಟಿದವನ ಹೆಸರು ಕೆಟ್ಟರೆ ಅವನ ಹೆಂಡತಿ ಮಕ್ಕಳು ನಾಳೆ ಆ ಪುಟ ಹಿಡಿದು ಯಾರ ಬಾಗಿಲಿಗೆ ಹೋಗಬೇಕು?

ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಅಕ್ಷರದ ಅಗಲ ಬೇರೆ. ಸಾಲು ಬೇರೆ ಕಡೆ ಮುರಿಯುತ್ತದೆ, ಪುಟ ಬೆಳೆಯುತ್ತದೆ, ಚಿತ್ರ ಜಾರುತ್ತದೆ, ಪರಿವಿಡಿಯ ಅಂಕಿಗಳೆಲ್ಲ ತಪ್ಪುತ್ತವೆ. ಅಂದರೆ ಎರಡು ಸಲ ಕರಡು ತಿದ್ದಿ ಮುಗಿಸಿದ 84 ಪುಟಗಳನ್ನು ಮತ್ತೆ ಮೊದಲಿನಿಂದ ಕಟ್ಟಿ, ಮತ್ತೆ ತಿದ್ದಬೇಕು. ಇದನ್ನು ಮಾಡುವವನು ಯಾರು? ಹಗಲೆಲ್ಲ ಗಲ್ಲಾದಲ್ಲಿ ಕುಳಿತು, ರಾತ್ರಿ ಹನ್ನೊಂದರ ಮೇಲೆ ಪುಟ ಕಟ್ಟುವ ನಮ್ಮ ತಮ್ಮ. ನಿರ್ಧಾರ ಮಾಡುವವರು ಒಬ್ಬರು, ನಿದ್ದೆಗೆಡುವವರು ಇನ್ನೊಬ್ಬರು. ಇದು ಮಾಲಿಕರ ಪದ್ಧತಿ, ಸಂಘದಲ್ಲಿ ನಡೆಯಕೂಡದು.

1982ರ ಮುಷ್ಕರಕ್ಕೆ ಮೊದಲು ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿ ಕುಳಿತಿದ್ದಾರೆ. ಅವರನ್ನೇ ಕೇಳಿರಿ. ಹೊಸ ಮಗ್ಗ ಬಂತೆಂದು ಅರ್ಧ ನೇಯ್ದ ಹಾಸನ್ನು ಕತ್ತರಿಸಿ ಅದಕ್ಕೆ ಏರಿಸುತ್ತಿದ್ದರೆ? ಇದ್ದದ್ದನ್ನು ನೇಯ್ದು ಇಳಿಸಿ, ಮುಂದಿನ ಹಾಸನ್ನು ಹೊಸದಕ್ಕೆ ಏರಿಸುತ್ತಿದ್ದರು. ನಮ್ಮ ಸೂಚನೆಯೂ ಅದೇ. ಈ ಸಂಚಿಕೆ ಹಳೆಯದರಲ್ಲೇ ಮುಗಿಯಲಿ, ಮುಂದಿನದು ಮೊದಲ ಪುಟದಿಂದಲೇ ಹೊಸದರಲ್ಲಿ ಆಗಲಿ. ಬರೇ ಹತ್ತು ಪುಟ ಆಗಿದ್ದರೆ ನಾವೇ ದಾಟಿರಿ ಎನ್ನುತ್ತಿದ್ದೆವು. ಯಂತ್ರ ಈ ತಿಂಗಳು ಬಾಳುವುದಿಲ್ಲ ಎಂದು ಕಂಡಿದ್ದರೂ ಹಾಗೆಯೇ.

ಇದನ್ನು ಕೇಳಿ ಹಿರಿಯರು ಗೆದ್ದೆವೆಂದು ತಿಳಿಯಬಾರದು. ಪೇಜ್‌ಮೇಕರಿನ 6 ಮತ್ತು 7ನೆಯ ಆವೃತ್ತಿಗಳ ಕಡತಗಳನ್ನು ತೆರೆಯುವ ಇನ್‌ಡಿಸೈನ್ 2012ರ ಸಿಎಸ್6ಕ್ಕೆ ಕೊನೆ. ಆಮೇಲಿನವು ತೆರೆಯುವುದಿಲ್ಲ. ಹಳೆಯ ಸಂಚಿಕೆಗಳಲ್ಲಿ ಗಿರಣಿ ಕಾರ್ಮಿಕರು ಹೇಳಿ ಬರೆಸಿದ ನೆನಪುಗಳಿವೆ. ಹೇಳಿದವರಲ್ಲಿ ಎಷ್ಟೋ ಮಂದಿ ಇಂದು ನಮ್ಮೊಡನಿಲ್ಲ. ಸಿಎಸ್6 ಇರುವ ಯಂತ್ರ ಕೈಗೆ ಸಿಗುವ ತನಕ ತಿಂಗಳಿಗೆ ಒಂದು ಸಂಚಿಕೆಯಂತೆ ಅವನ್ನು ದಾಟಿಸಲೇಬೇಕು. ದಾಟಿಸುವ ಮೊದಲು ಪ್ರತಿಯೊಂದರ ಪಿಡಿಎಫ್ ಮಾಡಿ, ಮೂಲ ಕಡತವನ್ನೂ ಫಾಂಟನ್ನೂ ಜೊತೆಗೆ ಎರಡು ಕಡೆ ಇಡಬೇಕು.

ಹೊಸದರ ವಿಷಯದಲ್ಲೂ ಎಚ್ಚರ ಬೇಕು. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ಹಾಗೆಯೇ ತೆರೆಯುವುದಿಲ್ಲ, ಐಡಿಎಂಎಲ್ ಮಾಡಿ ಕೊಡಬೇಕು. ಆದ್ದರಿಂದ ಮುದ್ರಣಾಲಯದವರಲ್ಲಿ ಯಾವ ಆವೃತ್ತಿ ಇದೆಯೆಂದು ಮೊದಲೇ ಕೇಳಬೇಕು. 2013ರಿಂದ ಕಂಪನಿ ಹೊಸ ಆವೃತ್ತಿಗಳನ್ನು ಬಾಡಿಗೆಗೆ ಮಾತ್ರ ಕೊಡುತ್ತಿದೆ. ಮುಂಬಯಿಯಲ್ಲಿ ಬಾಡಿಗೆಯೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ! ದುಡ್ಡು ಬೇಡದ ಸ್ಕ್ರೈಬಸ್ ಎಂಬುದೂ ಉಂಟು. 2024ರಲ್ಲಿ ಬಂದ ಅದರ 1.6ನೆಯ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡುತ್ತವೆ. ಅದರಲ್ಲಿ ಒಂದು ಕರಪತ್ರ ಮಾಡಿ ನೋಡಿ, ಆಮೇಲೆ ಹಣದ ಮಾತು ಆಡೋಣ.

ಸಭೆ ಒಪ್ಪಿದರೆ ಉಳಿದ 36 ಪುಟಗಳ ಕರಡು ಓದಲು ಆರು ಮಂದಿ ಬೇಕು. ರಾತ್ರಿಪಾಳಿಯವರು ಮಧ್ಯಾಹ್ನ ಮೂರಕ್ಕೆ, ಹೋಟೆಲಿನವರು ಗಲ್ಲಾ ಮುಚ್ಚಿದ ಮೇಲೆ ಕಚೇರಿಗೆ ಬರಬಹುದು. ಕ್ಷೇಮನಿಧಿಯ ಪಟ್ಟಿಯನ್ನು ಮಾತ್ರ ಇಬ್ಬರು ಕೂಡಿ, ಒಬ್ಬರು ರಸೀದಿ ಪುಸ್ತಕ ಹಿಡಿದು, ಒಬ್ಬರು ಗಟ್ಟಿಯಾಗಿ ಓದಬೇಕು. ಹೆಸರು ಕೊಡುವವರು ಈಗಲೇ ಕೈ ಎತ್ತಿರಿ.