ರೋಗ ಬಂದಾಗ ಸಂಸಾರ, ಸಂಘ ನಡೆಸುವವರು ಯಾರು?

(ಜಕ್ಕಲಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೊಲದ ಕೆಲಸ, ಮನಿ ಕೆಲಸ ಬಿಟ್ಟು ಬಂದು ಕುಂತೀರಿ. ಬಹಳ ಹೊತ್ತು ತಗೊಳ್ಳೂದಿಲ್ಲ. ಕರ್ನಾಟಕದ ಏಕೀಕರಣಕ್ಕೆ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರಿದು. ಹಿಂದಿನ ಸಂಗತಿ ಕೇಳೂದು ನಿಮಗೆ ಹೊಸದಲ್ಲ ಅಂತ ತಿಳಿದು ಇವತ್ತು ಹಳೇ ಮಾತೊಂದು ತಂದೇವಿ.

2020ರ ಮಾರ್ಚ್ ತಿಂಗಳನ್ನು ಯಾರೂ ಮರೆತಿಲ್ಲ. ಲಾಕ್‌ಡೌನ್ ಆತು, ಬಸ್ಸು ನಿಂತವು, ಸಂತಿ ನಿಂತಿತು. ಗೋವಾ, ಮಂಗಳೂರು ಕಡೆ ದುಡಿಯಾಕ ಹೋದ ನಮ್ಮ ಭಾಗದ ಜನ ಅಲ್ಲೇ ಸಿಕ್ಕಿಕೊಂಡರು. ಮನೆಯವರು ಒಂದು ಕಡೆ, ಮಕ್ಕಳು ಒಂದು ಕಡೆ. ದೂರದ ಊರಾಗ ಇದ್ದಾಗ ರೋಗ ಬಂದರೆ ಸಂಸಾರದ ಗತಿ ಏನು? ಇದೇ ಪ್ರಶ್ನೆಯನ್ನು ಪರದೇಶದಿಂದ ನಮ್ಮ ನಾಡಿಗೆ ಬಂದ ಮಿಷನರಿ ಸಂಸಾರಗಳು ನೂರು, ನೂರೈವತ್ತು ವರ್ಷದ ಹಿಂದೆ ಎದುರಿಸಿದ್ದವು.

ಹಡಗು ಹತ್ತಿ ಬಂದ ಸಂಸಾರಗಳು

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಇವರು ಕಥೋಲಿಕರಲ್ಲ, ಪ್ರೊಟೆಸ್ಟೆಂಟರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ತಮ್ಮ ವಿಶ್ವಾಸವನ್ನು ಸಾರಿದರು, ಸಾಲಿ ತೆರೆದರು, ಕ್ರೈಸ್ತ ಸಭೆ ಕಟ್ಟಿದರು.

ಅವರ ಸಂಸಾರದ ನಿಯಮ ಕಠಿಣವಿತ್ತು. ಗಂಡಸರು ಮದುವಿ ಇಲ್ಲದೇ ಬರಬೇಕು. ಇಲ್ಲಿ ಕೆಲವು ವರ್ಷ ದುಡಿದ ಮೇಲೆ ಬಾಸೆಲ್ಲಿನ ಸಮಿತಿಯ ಅಪ್ಪಣೆ ಸಿಕ್ಕರೆ ಮದುವಿ. ಎಷ್ಟೋ ಹೆಣ್ಣುಮಕ್ಕಳು ವರನ ಪರಿಚಯವೇ ಇಲ್ಲದೇ ಹಡಗು ಹತ್ತಿ ಬಂದರು. ಮಕ್ಕಳು ಸಾಲಿ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕು. ಅಂಥ ಮಕ್ಕಳಿಗಾಗಿ 1853ರಲ್ಲಿ ಬಾಸೆಲ್ಲಿನಲ್ಲಿ ಒಂದು ಮನೆಯನ್ನೇ ತೆರೆದರು. ಆಮ್ಯಾಲೆ ಎಷ್ಟೋ ವರ್ಷ ತಾಯಿ-ಮಕ್ಕಳಿಗೆ ಪತ್ರವೇ ಆಧಾರ.

1894ರಲ್ಲಿ ದೊಡ್ಡ ಕನ್ನಡ ನಿಘಂಟು ಹೊರತಂದ ಫರ್ಡಿನೆಂಡ್ ಕಿಟ್ಟೆಲ್ಲರ ಹೆಸರು ಕೇಳಿರಬಹುದು. ಅವರ ಹೆಂಡತಿ ಪೌಲೀನ 1860ರಲ್ಲಿ ಮದುವಿಯಾಗಿ 1864ರಲ್ಲೇ ತೀರಿಕೊಂಡರು. ಮುಂದೆ ಪೌಲೀನಳ ತಂಗಿ ಜೂಲಿಯನ್ನು ಕಿಟ್ಟೆಲ್ಲರು ಮದುವಿಯಾದರು. ಆ ಇಬ್ಬರು ಅಕ್ಕ-ತಂಗಿಯರನ್ನು ಇವತ್ತು ಯಾರು ನೆನೆಸತಾರ ಹೇಳ್ರಿ?

ಪ್ಲೇಗು ಬಂದಾಗ

1896ರಲ್ಲಿ ಮುಂಬೈಗೆ ಪ್ಲೇಗು ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಜೋರಾತು. ಇದು ಇಲಿ ಮೈಮೇಲಿನ ಚಿಗಟದಿಂದ ಹರಡುವ ರೋಗ. ಜನ ಊರು ಬಿಟ್ಟು ಅಡವಿಯಾಗ ಗುಡಿಸಲು ಹಾಕಿಕೊಂಡರು. ಸರ್ಕಾರದವರು ಒಯ್ಯತಾರ ಅಂತ ಅಂಜಿ ಬ್ಯಾನಿ ಬಂದವರನ್ನು ಮನಿಯೊಳಗ ಮುಚ್ಚಿಟ್ಟರು. 1897ರಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ ಮೊದಲು ತಾವೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ತಗೊಂಡರು. ಕೊರೋನಾ ಸೂಜಿಗೆ ನಾವು ಅಂಜಿದ ಹಾಗೇ ಅವರೂ ಅಂಜಿದ್ದರು; ಆದರೂ ತಗೊಂಡರು.

ಮಂಗಳೂರಿನಲ್ಲಿ ನಮ್ಮ ಕಥೋಲಿಕ ಗುರು, ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್, 1880ರಲ್ಲಿ ಬಡವರಿಗಾಗಿ ಔಷಧಾಲಯ, 1890ರಲ್ಲಿ ಕುಷ್ಠರೋಗಿಗಳ ಆಶ್ರಮ ತೆರೆದಿದ್ದರು. 1902ರಲ್ಲಿ ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ತೆರೆದರು. ಗುರುಗಳಿಗೆ ಹೆಂಡತಿ-ಮಕ್ಕಳಿಲ್ಲ. ಬಾಸೆಲ್ಲಿನವರಿಗೆ ಇದ್ದರು. ರೋಗದ ಊರಾಗ ನಿಲ್ಲಬೇಕೋ, ಮಕ್ಕಳನ್ನು ಕರಕೊಂಡು ಹೋಗಬೇಕೋ ಅನ್ನುವ ಸಂಕಟ ಅಂಥ ತಾಯಿಗೇ ಗೊತ್ತು.

ಹೊರಗಿನವರು ಹೋದ ಮೇಲೆ

1914ರಲ್ಲಿ ಮಹಾಯುದ್ಧ ಶುರುವಾತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಕೂಡಿಹಾಕಿತು, ಮುಂದೆ ಬಹಳಷ್ಟು ಮಂದಿಯನ್ನು ಅವರ ದೇಶಕ್ಕೆ ಕಳಿಸಿತು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದು ದೇಶದಲ್ಲಿ ಲಕ್ಷಾಂತರ ಜನ ಸತ್ತರು. ಸಭೆ ಕಟ್ಟಿದವರಲ್ಲಿ ಬಹಳ ಮಂದಿ ಆಗ ಇರಲಿಲ್ಲ. ಆದರೂ ಬೆಟಗೇರಿ, ಹುಬ್ಬಳ್ಳಿಯ ಸಭೆಗಳು ಅಳಿಯಲಿಲ್ಲ. ಪ್ರಾರ್ಥನೆ, ಸಾಲಿ ಎಲ್ಲವನ್ನೂ ಈ ನಾಡಿನ ಜನ ಕಲಿತು ತಮ್ಮದು ಮಾಡಿಕೊಂಡಿದ್ದರಿಂದ ಅವು ಉಳಿದವು.

ಸಹೋದರಿಯರೇ, ಇವತ್ತು ನಾವು ಹೇಳಬೇಕಾದದ್ದು ಇಷ್ಟೇ. ಸಂಘವೂ ಹಾಗೇ. ಕಾರ್ಯಕರ್ತೆ ಬಂದರೆ ಮಾತ್ರ ಸಭೆ, ಒಬ್ಬಾಕಿಗೆ ಮಾತ್ರ ಲೆಕ್ಕ ಗೊತ್ತು ಅಂತಾದರೆ, ಬಸ್ಸು ನಿಂತ ದಿನ ಸಂಘವೂ ನಿಲ್ಲತೈತಿ. ಅದಕ್ಕೆ ಈಗಲೇ ಹೀಗೆ ಮಾಡ್ರಿ:

1. ಲೆಕ್ಕದ ಪುಸ್ತಕ ಬರೆಯಾಕ ಕನಿಷ್ಠ ಮೂರು ಮಂದಿ ಕಲೀರಿ. ಬ್ಯಾಂಕಿನ ವ್ಯವಹಾರವನ್ನು ಸರದಿಯಂತೆ ಎಲ್ಲರೂ ನೋಡ್ರಿ.

2. ಉಳಿತಾಯದ ಜೊತೆ ಸ್ವಲ್ಪ ಹಣವನ್ನು ಆರೋಗ್ಯ ನಿಧಿ ಅಂತ ಬ್ಯಾರೆ ಇಡ್ರಿ. ದವಾಖಾನಿ ಖರ್ಚಿಗೆ ಬಡ್ಡಿ ಸಾಲ ತರೂದು ತಪ್ಪತೈತಿ.

3. ಸದಸ್ಯೆಯೊಬ್ಬಳು ಹಾಸಿಗೆ ಹಿಡಿದರೆ ಆಕಿ ಮಕ್ಕಳಿಗೆ ಊಟ ಯಾರು ಹಾಕಬೇಕು, ಎಮ್ಮಿ ಯಾರು ನೋಡಬೇಕು ಅಂತ ಮೊದಲೇ ಮಾತಾಡಿಕೊಳ್ರಿ.

4. ಮನೆಯಾಗ ಜ್ವರ ಬಂದರೆ ಮುಚ್ಚಿಡಬ್ಯಾಡ್ರಿ. ಆಶಾ ಕಾರ್ಯಕರ್ತೆಗೆ ತಿಳಿಸ್ರಿ. ಬ್ಯಾನಿ ಬಂದ ಮನೆಯವರನ್ನು ದೂರ ತಳ್ಳಬ್ಯಾಡ್ರಿ. ಬಾಗಿಲ ತನಕ ರೊಟ್ಟಿ, ನೀರು ಮುಟ್ಟಿಸ್ರಿ.

5. ದುಡಿಯಾಕ ದೂರ ಹೋದವರ ವಿಳಾಸ, ಫೋನ್ ನಂಬರ್ ಸಂಘದ ಪುಸ್ತಕದಾಗ ಬರೆದಿಡ್ರಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿರಿ: ನಾಳೆ ನಾವು ಆರು ತಿಂಗಳು ಬರಲಿಕ್ಕೆ ಆಗದಿದ್ದರೆ ನಿಮ್ಮ ಸಂಘ ನಡೀತೈತೇನು? "ಇಲ್ಲ" ಅನ್ನುವ ಸಂಘ ಯಾವ ಕೆಲಸ ಕಲಿಯಬೇಕು ಅಂತ ಠರಾವು ಬರೆದು ನಮಗೆ ತಿಳಿಸಲಿ. ಬಂದು ಕಲಿಸತೇವಿ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಚೆನ್ನಾಗಿಟ್ಟಿರಲಿ.